ಅಂಜಿಕೆ ಬಿಡಿಸುವ ಕರಡಿ

ಜೇನಿನ ಗಡಿಗೆಯಲ್ಲಿ ಮೂತಿ ತೂರಿಸಿ ಕೂತಿರುತ್ತಿದ್ದ ವಿನ್ನಿ ದಿ ಪೂ ಎಂಬ ಕರಡಿ ಈಗ ಕೊಲೆಗಾರ. 2023ರ 'ವಿನ್ನಿ ದಿ ಪೂ: ಬ್ಲಡ್ ಆ್ಯಂಡ್ ಹನಿ' ಸಿನಿಮಾದಲ್ಲಿ ಅಡವಿಮನೆಗೆ ಬಂದ ಕಾಲೇಜು ಹುಡುಗಿಯರ ಬೆನ್ನು ಹತ್ತುತ್ತದೆ. ನಿಂಬರ್ಗಾದ ನಮ್ಮ ಮನೆ ಕಟ್ಟೆಯ ಮೇಲೆ ಅಕ್ಕನ ಮಗ ಮೊಬೈಲಿನಲ್ಲಿ ತೋರಿಸಿದ. "ಮಾಮಾ, ಅಂಜಬ್ಯಾಡ್ರಿ, ಇದ್ರಾಗ ಕಾಮಿಡಿನೂ ಅದ" ಎಂದು ಮೊದಲೇ ಧೈರ್ಯ ಹೇಳಿದ. ಎಲ್ಲಿ ನಗಬೇಕು ಎಂಬುದು ಅವನಿಗೂ ಕೊನೆತನಕ ತಿಳಿಯಲಿಲ್ಲ.

ಪುಂಡಿಪಲ್ಲೆ ಸೋಸುತ್ತಿದ್ದ ಅವ್ವ ಒಮ್ಮೆ ಇಣುಕಿ, "ಕರಡಿಗಿ ಅಂಗಿ ಯಾಕ ಹಾಕ್ಯಾರೋ?" ಎಂದಳು.

ಅಂಗಿಯದೇ ದೊಡ್ಡ ರಾಮಾಯಣ. ಪೂನ ಕಥೆ ಬರೆದ ಎ. ಎ. ಮಿಲ್ನ್ ಪುಸ್ತಕ ಬಂದದ್ದು 1926ರಲ್ಲಿ. ಅಮೆರಿಕದಲ್ಲಿ 95 ವರ್ಷದ ಹಕ್ಕು ತೀರಿ, 2022ರ ಜನವರಿ 1ರಂದು ಪೂ ಊರ ಸೊತ್ತಾದ. ಆದರೆ ಕಾರ್ಟೂನಿನಲ್ಲಿ ಅವನು ತೊಡುವ ಆ ತುಂಡು ಕೆಂಪಂಗಿ ಡಿಸ್ನಿ ಕಂಪನಿಯದು. ಅಂದರೆ ಪೂ ಕೈಲಿ ಎಷ್ಟು ಕೊಲೆ ಬೇಕಾದರೂ ಮಾಡಿಸಬಹುದು, ಆ ಅಂಗಿ ಮಾತ್ರ ತೊಡಿಸುವಂತಿಲ್ಲ! 2024ಕ್ಕೆ ಮಿಕ್ಕಿ ಇಲಿಯ ಮೊದಲ ರೂಪ ಹಕ್ಕಿನಿಂದ ಬಿಡುಗಡೆಯಾಯಿತು, 2025ಕ್ಕೆ ಪೊಪಾಯ್. ಅದೇ ವರ್ಷ 'ಪೊಪಾಯ್ ದಿ ಸ್ಲೇಯರ್ ಮ್ಯಾನ್' ಸಿನಿಮಾ ಬಂತು. ಅಕ್ಕ ಇದೇ ಹುಡುಗನಿಗೆ ಪುಂಡಿಪಲ್ಲೆ ತಿನ್ನಿಸಿದ್ದು ಸೊಪ್ಪು ತಿಂದು ಉಬ್ಬಿದ ಪೊಪಾಯ್ ತೋಳು ತೋರಿಸಿ. ಆ ತೋಳು ಈಗ ಹೆಣ ಉರುಳಿಸುತ್ತಿದೆ.

ನಮ್ಮ ಕಾಲದ ಕರಡಿಗೆ ಅಂಗಿಯೂ ಇರಲಿಲ್ಲ, ಜೇನೂ ಇರಲಿಲ್ಲ. ಕರಡಿ ಕುಣಿಸುವವನು ಊರಿಗೆ ಬಂದರೆ, ರಾತ್ರಿ ನಿದ್ದೆಯಲ್ಲಿ ಚೀರುವ ಹುಡುಗರನ್ನೆಲ್ಲ ಹಿಡಿತಂದು ಅದರ ಬೆನ್ನ ಮೇಲೆ ಕೂಡಿಸುತ್ತಿದ್ದರು. ಅಂಜಿಕೆ ಬಿಡುತ್ತದಂತೆ. ಮೇಲೊಂದಿಷ್ಟು ಕರಡಿಗೂದಲು ಕಿತ್ತು ತಾಯತಕ್ಕೆ. ನನ್ನನ್ನೂ ಕೂಡಿಸಿದರು. ದೆವ್ವದ ಅಂಜಿಕೆ ಹೋಯಿತೋ ಇಲ್ಲವೋ, ಕರಡಿಯ ಅಂಜಿಕೆ ಹೊಸದಾಗಿ ಹತ್ತಿಕೊಂಡಿತು. ಬಾಯಿಬಿಟ್ಟರೆ ಮತ್ತೊಮ್ಮೆ ಕೂಡಿಸಿಯಾರೆಂದು "ಅಂಜಿಕೆ ಹೋತು" ಎಂದುಬಿಟ್ಟೆ. ತಾಯತದ ಕೀರ್ತಿ ಓಣಿ ತುಂಬ ಹಬ್ಬಿತು.

ಆ ಕರಡಿಯ ಮೂತಿ ಚುಚ್ಚಿ ಹಗ್ಗ ಪೋಣಿಸುತ್ತಿದ್ದರು, ಹಲ್ಲು ಕೀಳುತ್ತಿದ್ದರು ಎಂಬುದು ಬೆಳೆದ ಮೇಲೆ ತಿಳಿಯಿತು. ನಿಜವಾದ ಹಾರರ್ ಅದೇ. ಒಂದು ಬೊಗಸೆ ಜೋಳದ ಟಿಕೇಟಿಗೆ ನಾವು ಚಪ್ಪಾಳೆ ತಟ್ಟಿ ನೋಡಿದ್ದು. 1972ರಲ್ಲೇ ವನ್ಯಜೀವಿ ಕಾಯ್ದೆ ಬಂದಿದ್ದರೂ ಆಟ ನಿಲ್ಲಲು ದಶಕಗಳೇ ಬೇಕಾದವು. ದೇಶದ ಕಡೆಯ ಕುಣಿಯುವ ಕರಡಿ ಎನ್ನಿಸಿಕೊಂಡ ರಾಜು 2009ರ ಡಿಸೆಂಬರಿನಲ್ಲಿ ಬನ್ನೇರುಘಟ್ಟ ಸೇರಿದ. ಸೇಡು ತೀರಿಸಿಕೊಳ್ಳುವ ಹಕ್ಕು ಯಾವ ಕರಡಿಗಾದರೂ ಇದ್ದರೆ ಅದು ರಾಜುವಿಗಿತ್ತು.

ಪೂ ಕೆಡಲು ಸಿನಿಮಾ ಕೊಡುವ ಕಾರಣವೇನೆಂದರೆ, ಗೆಳೆಯ ಕ್ರಿಸ್ಟೋಫರ್ ರಾಬಿನ್ ದೊಡ್ಡವನಾಗಿ ಓದಲು ಹೋದ, ಅಡವಿಯಲ್ಲಿ ಉಳಿದವರು ಹಸಿದರು, ಹಸಿದು ರಾಕ್ಷಸರಾದರು. ಇಷ್ಟು ಮಾತ್ರ ನನಗೆ ಚುಚ್ಚಿತು. ಪುಣೆ, ಸೊಲ್ಲಾಪುರ, ಬೆಂಗಳೂರು ಎಂದು ನಿಂಬರ್ಗಾ ಬಿಟ್ಟ ನಾವೆಲ್ಲ ಕ್ರಿಸ್ಟೋಫರ್ ರಾಬಿನ್‌ಗಳೇ. ಹಿಂದೆ ಉಳಿದವರು ಮಚ್ಚು ಹಿಡಿದು ಬರಲಿಲ್ಲ, "ಊಟ ಆಯ್ತೇನಪಾ?" ಎಂದು ಕೇಳಿ ಫೋನ್ ಇಟ್ಟರು. ಇದನ್ನು ಯಾರಾದರೂ ಸಿನಿಮಾ ಮಾಡಿದರೆ ನಾನು ಒಬ್ಬನೇ ಕೂತು ನೋಡಲಾರೆ.

ಹಾರರ್ ಕಾಮಿಡಿ ನಮಗೇನು ಹೊಸದೇ? 1949ರಿಂದ ಕನ್ನಡದಲ್ಲಿ ಬಂದ 'ಚಂದಮಾಮ'ದಲ್ಲಿ, ಕಲಾವಿದ ಶಂಕರ್ ಬರೆದ ಚಿತ್ರದೊಳಗೆ ರಾಜನ ಹೆಗಲ ಮೇಲೆ ಹೆಣವೇ ಇರುತ್ತಿತ್ತು. ಬೇತಾಳ ಹೊಕ್ಕ ಆ ಹೆಣ ಕಥೆ ಹೇಳುತ್ತಿತ್ತು, ಪ್ರಶ್ನೆ ಕೇಳುತ್ತಿತ್ತು, ಉತ್ತರ ಕೊಟ್ಟರೆ ಹಾರಿಹೋಗುತ್ತಿತ್ತು. ಸೋಮದೇವ 11ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಹೇಳಿದ ಬೇತಾಳನಿಗೆ ಕಾಪಿರೈಟೂ ಇಲ್ಲ, ಕಾವಲೂ ಇಲ್ಲ. ಯಾರು ಬೇಕಾದರೂ ಕೆಡಿಸಬಹುದಿತ್ತು. ಮಕ್ಕಳು ಮಾತ್ರ ಅವನನ್ನು ಅಂಜುತ್ತಲೇ ಪ್ರೀತಿಸಿದರು. ಪೂ ಸಿನಿಮಾದವರಿಗೆ ಅಂಜಿಸಲು ಬರುತ್ತದೋ ಏನೋ, ಪ್ರಶ್ನೆ ಕೇಳಲು ಬರುವುದಿಲ್ಲ.

ವರ್ಷದ ಕೆಟ್ಟ ಸಿನಿಮಾಗಳಿಗೆಂದೇ ಕೊಡುವ ರ್‍ಯಾಝಿ ಪ್ರಶಸ್ತಿಗಳಲ್ಲಿ ಐದು, 2024ರಲ್ಲಿ ಈ ಪೂಗೆ ಬಂದವು. ಪ್ರಶಸ್ತಿ ಬಂದ ತಿಂಗಳಲ್ಲೇ ಎರಡನೇ ಭಾಗವೂ ಬಿಡುಗಡೆಯಾಯಿತು.