ಧರ್ಮಪುರದ ಯೆಜ್ಡಿ

ಸಂಸ್ಕೃತದಲ್ಲಿ ಜವವೆಂದರೆ ವೇಗ. ಜಾವಾ ಮೋಟಾರು ಸೈಕಲ್ಲಿಗೂ ಈ ಶಬ್ದಕ್ಕೂ ನಂಟಿಲ್ಲ. ಯಾನೆಚೆಕ್ ಎಂಬಾತನ ಹೆಸರೂ ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಹೆಸರೂ ಕೂಡಿ 1929ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಆ ಹೆಸರು ಹುಟ್ಟಿತು. ಆದರೂ ಶಬ್ದಸಾಮ್ಯವು ನಮಗೆ ಹಿತವೆನಿಸುತ್ತದೆ. ಇರಾನಿ ಮನೆತನದವರು ಮೈಸೂರಿನಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಈ ಗಾಡಿಗಳನ್ನು ತಯಾರಿಸತೊಡಗಿತು. 1973ರಿಂದ ಅವು ಯೆಜ್ಡಿ ಎನಿಸಿಕೊಂಡುವು. 1996ರಲ್ಲಿ ಕಾರ್ಖಾನೆಯು ಮುಚ್ಚಿತು.

ಆಮೇಲೆ ಬಿಡಿಭಾಗಗಳಿಗೆ ಏನು ಗತಿ? ಧರ್ಮಪುರದಲ್ಲಿ ನಮ್ಮ ಯೆಜ್ಡಿಯನ್ನು ಉಳಿಸಿದವನು ನಮ್ಮ ಹಳೆಯ ಶಿಷ್ಯನೊಬ್ಬನು. ಕಿಕ್ಕಿಗೂ ಗೇರಿಗೂ ಒಂದೇ ಲಿವರಿರುವ ಆ ಯಂತ್ರದ ರೋಗವನ್ನು ಅವನು ಸದ್ದಿನಿಂದಲೇ ಅರಿಯುವನು. (ವ್ಯಾಕರಣದ ತರಗತಿಯಲ್ಲಿ ಆ ಕಿವಿಗಳು ಎಲ್ಲಿದ್ದುವೋ!) ಸಿಕ್ಕದ ಬುಷ್ಷನ್ನು ಲೇತಿನಲ್ಲಿ ತಾನೇ ಕಡೆದನು. ಹಿರಿಯ ಮಗನು ಬೆಸುಗೆ ಕಲಿತನು, ಕಿರಿಯನು ಬಣ್ಣದ ಕೆಲಸ ಹಿಡಿದನು, ಹೆಂಡತಿಯು ಲೆಕ್ಕ ಬರೆದಳು. ರಿಪೇರಿಯ ಅಂಗಡಿಯು ಕ್ರಮೇಣ ಗಿರಾಕಿಯ ಇಷ್ಟದಂತೆ ಹಳೆಯ ಗಾಡಿಯನ್ನು ಹೊಸದಾಗಿ ಕಟ್ಟಿಕೊಡುವ ಮನೆಯುದ್ಯಮವಾಯಿತು.

ಕಳೆದ ತಿಂಗಳು ಒಬ್ಬನು ಚಾಸಿಯನ್ನೇ ಕತ್ತರಿಸಿ ಉದ್ದಮಾಡಿರೆಂದು ಮುಂಗಡವಿತ್ತನು. ನೋಂದಣಿಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಸುಪ್ರೀಂ ಕೋರ್ಟು 2019ರಲ್ಲಿ ತೀರ್ಪಿತ್ತಿದೆ. ನಾವು ಅದನ್ನು ತಿಳಿಸಿದಾಗ ಹಿರಿಯ ಮಗನು, "ನಾವು ಬಿಟ್ಟರೆ ಇನ್ನೊಬ್ಬ ಮಾಡ್ತಾನೆ, ಮೇಷ್ಟ್ರೇ" ಎಂದನು. ಅದೂ ನಿಜವೇ. ಆದರೆ ಸವಾರನ ಪ್ರಾಣವು ನಿನ್ನ ಬೆಸುಗೆಯ ಮೇಲೆ ನಿಲ್ಲುವುದಲ್ಲವೇ ಎಂದೆವು. ತಂದೆಯು ಮಾತನಾಡಲಿಲ್ಲ. ತಾಯಿಯು ಲೆಕ್ಕದ ಪುಸ್ತಕವನ್ನು ತೆರೆದು, ಮುಂಗಡದ ಹಣವನ್ನು ಎಣಿಸಿ, "ನೀನೇ ಕೊಟ್ಟು ಬಾ" ಎಂದು ಮಗನ ಕೈಗಿತ್ತಳು.