ಉಗಿಗೆ ಮೊದಲು ತಣ್ಣೀರು

ಬೆಂಗಳೂರಿಗೆ ರೈಲು ಮೊದಲು ಬಂದದ್ದು ಈಗಿನ ಮೆಜೆಸ್ಟಿಕ್ಕಿನ ಕಡೆಗಲ್ಲ, ದಂಡಿಗೆ. 1864ರಲ್ಲಿ ಮದ್ರಾಸ್ ರೈಲ್ವೆ ಕಂಪನಿಯವರು ಜೋಲಾರಪೇಟೆಯಿಂದ ದಂಡು ನಿಲ್ದಾಣದವರೆಗೆ ಹಳಿ ಹಾಸಿ ಮುಗಿಸಿದರು. ದೂರ ನೂರನಲವತ್ತು ಚಿಲ್ಲರೆ ಕಿಲೋಮೀಟರ್. ಅಷ್ಟರೊಳಗೆ ಹಳಿ ಸುಮಾರು 500 ಮೀಟರ್ ಎತ್ತರಕ್ಕೆ ಏರುತ್ತದೆ. ಇಂದು ಕೃಷ್ಣರಾಜಪುರ, ಬೈಯಪ್ಪನಹಳ್ಳಿ ದಾಟಿ ಬರುವ ಪ್ರಯಾಣಿಕರಿಗೆ ಈ ಏರು ಗೊತ್ತೇ ಆಗುವುದಿಲ್ಲ. ಗೊತ್ತಾಗುತ್ತಿದ್ದದ್ದು ಕಲ್ಲಿದ್ದಲು ಎತ್ತಿ ಹಾಕುತ್ತಿದ್ದ ಫೈರ್‌ಮನ್‌ಗೆ.

ಅಂಥ ಫೈರ್‌ಮನ್ ಒಬ್ಬರು ಹಲಸೂರಿನ ಹಳೆಯ ಓಣಿಯೊಂದರಲ್ಲಿ ಮಗನ ಮನೆಯಲ್ಲಿದ್ದಾರೆ. ವಯಸ್ಸು ಎಪ್ಪತ್ತೇಳು. ಜೋಲಾರಪೇಟೆಯ ಷೆಡ್ಡಿನಲ್ಲಿ ಎಂಜಿನ್ ಒರೆಸುವ ಖಲಾಸಿಯಾಗಿ ಸೇರಿದವರು. ಉಗಿಯ ಕಾಲ ಮುಗಿಯುತ್ತ ಬಂದಾಗ, 1983ರಲ್ಲಿ ಆರಂಭವಾದ ಕೃಷ್ಣರಾಜಪುರದ ಡೀಸೆಲ್ ಷೆಡ್ಡಿಗೆ ಬಂದು ಅಲ್ಲಿಂದಲೇ ನಿವೃತ್ತರಾದರು. ಡೀಸೆಲ್ ಬಗ್ಗೆ ಅವರು ಹೆಚ್ಚು ಮಾತನಾಡುವುದಿಲ್ಲ. ಉಗಿಯ ಬಗ್ಗೆ ಮಾತು ಶುರುವಾದರೆ ಊಟಕ್ಕೆ ಏಳುವುದಿಲ್ಲ.

ಮೊಮ್ಮಗಳು ಒಂಬತ್ತನೇ ತರಗತಿ. ಒಂದು ಭಾನುವಾರ ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ತಾತನನ್ನು ಎಳೆದುಕೊಂಡು ಹೋದಳು. ಆವರಣದಲ್ಲಿ ನಿಂತಿರುವ ಹಳೆಯ ಉಗಿ ಎಂಜಿನ್ನಿನ ಮುಂದೆ ನಿಂತು ಕೇಳಿದಳು: “ತಾತ, ನೋಡೋಕೆ ಚೆನ್ನಾಗೇ ಇದೆಯಲ್ಲ. ನೀರು ತುಂಬಿಸಿ ಬೆಂಕಿ ಹಾಕಿದ್ರೆ ಓಡಲ್ವಾ?”

“ನೋಡೋಕೆ ನಾನೂ ಚೆನ್ನಾಗೇ ಇದೀನಿ ಕಣಮ್ಮ. ಓಡು ಅಂದ್ರೆ ಓಡ್ತೀನಾ?” ಎಂದರು ತಾತ.

ತಮಾಷೆಯ ಮಾತಾದರೂ ಸುಳ್ಳಲ್ಲ. ಪ್ರದರ್ಶನಕ್ಕೆ ನಿಲ್ಲಿಸಿದ ಎಂಜಿನ್ನಿಗೆ ಬಣ್ಣ ಬಳಿಯುವುದು ಒಂದು ಕೆಲಸ, ಅದನ್ನು ಓಡಿಸುವುದು ಪೂರಾ ಬೇರೆ ಕೆಲಸ. ಬಾಯ್ಲರಿನ ಒಳಗೆ ಉದ್ದಕ್ಕೂ ಹಾದುಹೋಗುವ ಹೊಗೆ ಕೊಳವೆಗಳು ತುಕ್ಕು ಹಿಡಿದು ತೆಳುವಾಗಿರುತ್ತವೆ. ತಗಡಿನ ಒಳಮೈಗೆ ಗಡಸು ನೀರಿನ ಸುಣ್ಣ ಪದರಗಟ್ಟಿರುತ್ತದೆ. ಬಾಯ್ಲರ್ ಬಿಚ್ಚಿ, ಕೊಳವೆಗಳನ್ನು ಒಂದೊಂದಾಗಿ ಹೊರಗೆಳೆದು, ತಗಡು ಎಲ್ಲೆಲ್ಲಿ ಎಷ್ಟು ದಪ್ಪ ಉಳಿದಿದೆಯೆಂದು ಅಳೆಯಬೇಕು. ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗದು. ನಕ್ಷೆಯೂ ಇಲ್ಲದಿದ್ದರೆ ಹಳೆಯ ಭಾಗವನ್ನೇ ಅಳೆದು ನಕ್ಷೆ ಬರೆದು, ಮರದ ಅಚ್ಚು ಮಾಡಿ, ಎರಕ ಹೊಯ್ದು, ಕಡೆದು ಹೊಸದು ಮಾಡಬೇಕು. ಚಕ್ರದ ಹೊರಗಿನ ಉಕ್ಕಿನ ಪಟ್ಟಿ ಸವೆದಿದ್ದರೆ ಹೊಸ ಪಟ್ಟಿಯನ್ನು ಕಾಯಿಸಿ, ಹಿಗ್ಗಿದಾಗ ತೊಡಿಸಿ, ತಣಿದು ಬಿಗಿಯಾಗಲು ಬಿಡಬೇಕು. ಎತ್ತಿನ ಗಾಡಿಯ ಚಕ್ರಕ್ಕೆ ಪಟ್ಟಿ ಹಾಕುವ ಕಮ್ಮಾರನ ಕೆಲಸವೂ ಇದೇ.

ಇಷ್ಟೆಲ್ಲ ಮಾಡಿದವರು ಇದ್ದಾರೆ, ಅದೂ ದೂರದಲ್ಲಲ್ಲ. ದಂಡಿಗೆ ಹಳಿ ತಂದ ಅದೇ ಮದ್ರಾಸ್ ರೈಲ್ವೆ 1856ರಲ್ಲಿ ಪೆರಂಬೂರಿನಲ್ಲಿ ಒಂದು ಕಾರ್ಯಾಗಾರ ಕಟ್ಟಿತ್ತು. ‘ಫೇರಿ ಕ್ವೀನ್’ ಎಂಜಿನ್ನಿಗೆ ಮತ್ತೆ ಜೀವ ಬಂದದ್ದು ಅಲ್ಲಿ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ 1855ರಲ್ಲಿ ತಯಾರಾಗಿ, ಈಸ್ಟ್ ಇಂಡಿಯನ್ ರೈಲ್ವೆಯಲ್ಲಿ ದುಡಿದು, 1909ರಲ್ಲಿ ಕೆಲಸದಿಂದ ಇಳಿದ ಎಂಜಿನ್ ಅದು. 88 ವರ್ಷ ಪ್ರದರ್ಶನದ ಗೊಂಬೆಯಾಗಿದ್ದು, 1997ರಲ್ಲಿ ದೆಹಲಿಯಿಂದ ಆಲ್ವಾರ್‌ಗೆ ತನ್ನದೇ ಉಗಿಯಲ್ಲಿ ಓಡಿತು. ಕ್ರಮವಾಗಿ ಓಡುವ ಉಗಿ ಎಂಜಿನ್ನುಗಳಲ್ಲೆಲ್ಲ ಅತ್ಯಂತ ಹಳೆಯದೆಂದು ಮರುವರ್ಷ ಗಿನ್ನೆಸ್ ದಾಖಲೆಗೂ ಸೇರಿತು. ಅದರ ಜೋಡಿ ಎನ್ನಬಹುದಾದ ಇಐಆರ್-21 ‘ಎಕ್ಸ್‌ಪ್ರೆಸ್’ ಎಂಜಿನ್ನನ್ನೂ ಪೆರಂಬೂರಿನವರೇ 2010ರಲ್ಲಿ ಓಡುವಂತೆ ಮಾಡಿದರು.

ಇದನ್ನು ಕೇಳಿದ ಮೊಮ್ಮಗಳಿಗೆ ಶಾಲೆಯ ವಿಜ್ಞಾನ ಪ್ರದರ್ಶನದ ವಿಷಯ ಸಿಕ್ಕಿತು. ಇಂದಿರಾನಗರದ ಕಂಪನಿಯೊಂದರಲ್ಲಿ ಕೆಲಸ ಮಾಡುವ ಅಪ್ಪನಿಗೆ ಇದರಲ್ಲಿ ಉತ್ಸಾಹವಿರಲಿಲ್ಲ. ರೆಡಿಮೇಡ್ ಮಾದರಿ ಸಿಗುತ್ತದೆ, ತಂದು ಇಟ್ಟರಾಯಿತು, ಉಳಿದ ಸಮಯದಲ್ಲಿ ಗಣಿತ ಮಾಡಲಿ ಎಂಬುದು ಅವರ ಲೆಕ್ಕ. ಈ ಲೆಕ್ಕ ಎಷ್ಟು ಮನೆಗಳಲ್ಲಿ ನಡೆಯುತ್ತದೆಂದು ಶಾಲೆಯ ಪ್ರದರ್ಶನಗಳಲ್ಲಿ ಒಂದು ಸುತ್ತು ಹಾಕಿದರೆ ತಿಳಿಯುತ್ತದೆ. ಹುಡುಗಿ ಕೇಳಲಿಲ್ಲ. ಶಿವಾಜಿನಗರದ ಗುಜರಿಯಿಂದ ಹಿತ್ತಾಳೆಯ ತೆಳು ಕೊಳವೆ ತರಿಸಿಕೊಂಡಳು. ಹಾಲಿನ ಪುಡಿಯ ಡಬ್ಬಿಗೆ ಮುಚ್ಚಳ ಕೂರಿಸಿ ಸುತ್ತ ಬೆಸುಗೆ ಹಾಕಿದಳು. ಕೊಳವೆಯ ತುದಿಯಿಂದ ಉಗಿ ಹಾರಿ ತಗಡಿನ ಚಕ್ರ ತಿರುಗಬೇಕು. ನಡುವೆ ಒಂದು ಪುಟ್ಟ ನಲ್ಲಿ. ಎಂಜಿನ್ನಿನಲ್ಲಿ ಡ್ರೈವರ್ ಎಳೆಯುವ ರೆಗ್ಯುಲೇಟರಿನಂತೆ, ಉಗಿ ಚೆನ್ನಾಗಿ ಕೂಡಿಕೊಂಡ ಮೇಲೆ ಬಿಡುವುದಕ್ಕೆ!

ಅಡುಗೆಮನೆಯ ಸ್ಟೋವಿನ ಮೇಲೆ ಅದನ್ನಿಡುವ ಹೊತ್ತಿಗೆ ತಾತ ನೋಡಿದರು. ಬೈಯಲಿಲ್ಲ.

“ನಲ್ಲಿ ಮುಚ್ಚಿದಾಗ ಉಗಿ ಎಲ್ಲಿಗೆ ಹೋಗುತ್ತಮ್ಮ?”

“ಒಳಗೇ ಇರುತ್ತೆ.”

“ಎಷ್ಟು ಹೊತ್ತು?”

ಉತ್ತರ ಬರಲಿಲ್ಲ. ತಾತ ಡಬ್ಬಿಯನ್ನು ಬಚ್ಚಲಿಗೆ ಒಯ್ದರು. ಒಂದು ಗುಳ್ಳೆಯೂ ಉಳಿಯದಂತೆ ತಣ್ಣೀರು ತುಂಬಿಸಿದರು. ಔಷಧಿಯ ಸಣ್ಣ ಸಿರಿಂಜಿನಲ್ಲಿ ನೀರು ಎಳೆದು, ಕೊಳವೆಯ ತುದಿಗೆ ರಬ್ಬರ್ ನಳಿಕೆಯಿಂದ ಕಟ್ಟಿ, “ಒತ್ತು” ಎಂದರು. ಹುಡುಗಿ ಹೆಬ್ಬೆರಳಿನಿಂದ ಒತ್ತಿದಳು. ಇನ್ನಷ್ಟು ಒತ್ತಿದಳು. ಮುಚ್ಚಳದ ಒಂದು ಪಕ್ಕದಲ್ಲಿ ಬೆಸುಗೆ ಬಿಟ್ಟು, ದಾರದಂಥ ನೀರು ಗೋಡೆಗೆ ಚಿಮ್ಮಿ ನಿಂತುಹೋಯಿತು. ಹೊರಬಂದದ್ದು ಅರ್ಧ ಚಮಚವೂ ಇರಲಿಲ್ಲ.

“ಇಷ್ಟೇನಾ?” ಎಂದಳು.

“ಇಷ್ಟೇ ಆಗಲಿ ಅಂತಾನೇ ತಣ್ಣೀರು.”

ದೊಡ್ಡ ಎಂಜಿನ್ನನ್ನು ಓಡಿಸುವ ಮೊದಲೂ ಇದನ್ನೇ ಮಾಡುತ್ತಾರೆ. ರಿಪೇರಿಯಾದ ಬಾಯ್ಲರಿಗೆ ಬೆಂಕಿ ತೋರಿಸುವ ಮುಂಚೆ ತಣ್ಣೀರು ತುಂಬಿಸಿ, ಕೆಲಸದ ಒತ್ತಡಕ್ಕಿಂತ ಕಾಲು ಭಾಗದಿಂದ ಅರ್ಧದಷ್ಟು ಹೆಚ್ಚಿಗೆ ಪಂಪು ಮಾಡಿ, ಮುಳ್ಳು ಇಳಿಯುವುದೇ ಎಂದು ಕಾಯುತ್ತಾರೆ. ಉಗಿಯಲ್ಲೋ ಗಾಳಿಯಲ್ಲೋ ಯಾಕೆ ಪರೀಕ್ಷಿಸುವುದಿಲ್ಲ? ನೀರು ಹೆಚ್ಚುಕಡಿಮೆ ಕುಗ್ಗುವುದಿಲ್ಲ. ಕುಗ್ಗದ ವಸ್ತುವನ್ನು ಎಷ್ಟು ಒತ್ತಿದರೂ ಅದರೊಳಗೆ ಕೂಡಿಕೊಳ್ಳುವ ಶಕ್ತಿ ಅತ್ಯಲ್ಪ. ತಗಡು ಬಿರಿದರೆ ನಾಲ್ಕು ಹನಿ ಹೊರಬಂದು ಒತ್ತಡ ಇಳಿದುಹೋಗುತ್ತದೆ.

ಕಾದ ಬಾಯ್ಲರಿನ ಸಂಗತಿಯೇ ಬೇರೆ. ಚದರ ಸೆಂಟಿಮೀಟರಿಗೆ 7 ಕಿಲೋಗ್ರಾಂ ಒತ್ತಡದಲ್ಲಿ ಒಳಗಿನ ನೀರು ಸುಮಾರು 170 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದೂ ನೀರಾಗಿಯೇ ಇರುತ್ತದೆ. ಅದನ್ನು ಹಿಡಿದಿಟ್ಟಿರುವುದು ಆ ಒತ್ತಡವೇ. ತಗಡು ಬಿರಿದು ಒತ್ತಡ ಕುಸಿದರೆ, ಆ ನೀರಿನ ಎಂಟನೇ ಒಂದು ಭಾಗದಷ್ಟು ಕಣ್ಣು ಮಿಟುಕಿಸುವುದರೊಳಗೆ ಉಗಿಯಾಗುತ್ತದೆ. ಒಂದು ಲೀಟರ್ ನೀರು ಉಗಿಯಾದರೆ ಸುಮಾರು 1,670 ಲೀಟರ್ ಜಾಗ ಬೇಕು. ಸಾವಿರ ಲೀಟರಿನ ಬಾಯ್ಲರಿಗೆ ಲೆಕ್ಕ ಹಾಕಿ ನೋಡಿ: ಇನ್ನೂರು ಘನ ಮೀಟರಿಗೂ ಹೆಚ್ಚು ಉಗಿ, ಒಂದೇ ಸಲ. ಬಾಯ್ಲರ್ ಸಿಡಿತದಲ್ಲಿ ಜನರನ್ನು ಕೊಲ್ಲುವುದು ಉಗಿಗಿಂತ ಹೆಚ್ಚಾಗಿ ಹೀಗೆ ಕಾದು ಕುಳಿತ ನೀರು.

ಅಪ್ಪ ಬಚ್ಚಲ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಸ್ಟೋವ್ ಹಚ್ಚಿಕೊಟ್ಟವರೇ ಅವರು. ಆಮೇಲೆ ಗಣಿತದ ಮಾತು ಬರಲಿಲ್ಲ. ಮುಚ್ಚಿದ ಡಬ್ಬಿಯಲ್ಲಿ ನೀರು ಕುದಿಸುವ ‘ಪ್ರಯೋಗ’ವನ್ನು ಮಕ್ಕಳು ಯಾರೂ ಮಾಡಬಾರದು. ಇದನ್ನು ಮಕ್ಕಳಿಗಿಂತ ಮೊದಲು ಹೆತ್ತವರು ತಿಳಿದಿರಬೇಕು.

ಅಂದು ರಾತ್ರಿ ತಾತ ಲೆಡ್ ಪ್ಲಗ್ ವಿಷಯ ಹೇಳಿದರು. ಬೆಂಕಿಗೂಡಿನ ನೆತ್ತಿಯ ತಗಡಿನಲ್ಲಿ ಸೀಸ ತುಂಬಿದ ಒಂದು ಬಿರಡೆ ಇರುತ್ತದೆ. ನೆತ್ತಿಯ ಮೇಲೆ ನೀರಿರುವತನಕ ಅದು ತಂಪಾಗಿರುತ್ತದೆ. ಬೆಂಕಿಗೆ ಹೋಲಿಸಿದರೆ ತಂಪು, ಅಷ್ಟೆ. ನೀರು ಇಳಿದು ನೆತ್ತಿ ಬರಿದಾದರೆ 327 ಡಿಗ್ರಿಯಲ್ಲಿ ಸೀಸ ಕರಗಿ, ಉಗಿ ಬೆಂಕಿಯ ಮೇಲೆ ಸುರಿದು ಎಚ್ಚರಿಕೆ ಕೊಡುತ್ತದೆ. ಪ್ರೆಷರ್ ಕುಕ್ಕರಿನ ಸೇಫ್ಟಿ ವಾಲ್ವ್ ಕರಗುವುದೂ ಇದೇ ಉಪಾಯದಿಂದ. “ಪ್ಲಗ್ ಕರಗಿತು ಅಂದ್ರೆ ಫೈರ್‌ಮನ್ ನೀರು ನೋಡ್ಲಿಲ್ಲ ಅಂತ ಅರ್ಥ. ಷೆಡ್ಡಿನಲ್ಲಿ ತಲೆ ಎತ್ತೋ ಹಾಗಿರಲಿಲ್ಲ” ಎಂದರು. ಅವರ ಕಾಲದಲ್ಲಿ ಒಮ್ಮೆಯೂ ಕರಗಲಿಲ್ಲವೆಂದು ಹೇಳುವಾಗ ದನಿ ಸ್ವಲ್ಪ ಏರಿತ್ತು.

ಹಳೆಯ ಎಂಜಿನ್ನನ್ನು ಓಡಿಸಲು ಲೋಹದಷ್ಟೇ ಇಂಥವರೂ ಬೇಕು. ತಣ್ಣಗಿರುವ ಬಾಯ್ಲರಿಗೆ ಅವಸರದಲ್ಲಿ ಬೆಂಕಿ ಕೊಟ್ಟರೆ ತಗಡು ಒಂದು ಕಡೆ ಹಿಗ್ಗಿ, ಇನ್ನೊಂದು ಕಡೆ ಹಿಗ್ಗದೆ, ಬೆಸೆದ ಕಡೆಯೆಲ್ಲ ಸೋರುತ್ತದೆ. ಗಂಟೆಗಟ್ಟಲೆ ಕೂತು ಕಾಯಿಸಬೇಕು. ಫೇರಿ ಕ್ವೀನ್ ಓಡಿದ 1997ರಲ್ಲಿ ಇದೆಲ್ಲ ಬಲ್ಲವರು ಹುಡುಕಿದರೆ ಸಿಗುತ್ತಿದ್ದರು. ಬ್ರಾಡ್‌ಗೇಜ್‌ನಲ್ಲಿ ಉಗಿಯ ದಿನನಿತ್ಯದ ಓಟ ನಿಂತದ್ದೇ 1995ರಲ್ಲಿ. 2011ರ ಹೊತ್ತಿಗೆ ಫೇರಿ ಕ್ವೀನ್‌ನ ಬಿಡಿಭಾಗಗಳೇ ಕಳವಾಗಿದ್ದುದು ಬೆಳಕಿಗೆ ಬಂತು. ಗಿನ್ನೆಸ್ ದಾಖಲೆಯ ಎಂಜಿನ್ನಿಗೂ ಗುಜರಿಯ ಬೆಲೆ ಕಟ್ಟುವವರಿದ್ದರು! ಅದು ಮತ್ತೆ ಪೆರಂಬೂರಿಗೆ ಹೋಗಿ, ರಿಪೇರಿಯಾಗಿ ಹಳಿಗೆ ಬಂದದ್ದು 2017ರಲ್ಲಿ.

ಹುಡುಗಿಯ ಮಾದರಿಯಲ್ಲಿ ಕೊನೆಗೆ ನಲ್ಲಿ ಉಳಿಯಲಿಲ್ಲ. ಬೆಂಕಿಯೂ ಇರಲಿಲ್ಲ. ಬಿರಿದ ಡಬ್ಬಿ, ಸಿರಿಂಜು ಮತ್ತು ಒಂದು ಬಕೆಟ್ ತಣ್ಣೀರು ಇಟ್ಟುಕೊಂಡು, ಬಂದವರ ಕೈಯಲ್ಲೇ ಒತ್ತಿಸಿದಳು. ಬಹುಮಾನ ಬೇರೆ ಯಾವುದೋ ಮಿನುಗುವ ದೀಪದ ಮಾದರಿಗೆ ಹೋಯಿತು.

ಅವಳಿಗೆ ಈಗ ಬೇರೆಯೇ ಅನುಮಾನ. “ಕೊಳವೆ ಹೊಸದು, ತಗಡು ಹೊಸದು, ಪಟ್ಟಿ ಹೊಸದು. ಎಲ್ಲಾ ಹೊಸದಾದ್ರೆ ಅದನ್ನ ಹಳೇ ಎಂಜಿನ್ ಅಂತ ಹೇಗೆ ಕರೀತಾರೆ ತಾತ?” ತಾತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರದವರು ನೀಲಗಿರಿ ಬೆಟ್ಟದ ರೈಲಿಗಾಗಿ ಹಳೆಯ ನಮೂನೆಯಲ್ಲೇ ಪೂರ್ತಿ ಹೊಸ ಕಲ್ಲಿದ್ದಲಿನ ಎಂಜಿನ್ನನ್ನು 2021ರಲ್ಲಿ ಕಟ್ಟಿದ್ದನ್ನು ಹೇಳಿದರು. “ಅದನ್ನ ಹಳೇದು ಅನ್ನಲ್ಲ. ಆದ್ರೆ ಅದಕ್ಕೆ ಬೆಂಕಿ ಹಾಕೋನು ನೀರಿನ ಗಾಜು ನೋಡೋದು ನಾವು ನೋಡ್ತಿದ್ದ ಹಾಗೇನೇ. ಉಳಿದದ್ದು ನೀನೇ ಹೋಗಿ ನೋಡಿ ಹೇಳು.”

ಮೆಟ್ಟುಪಾಳ್ಯದಿಂದ ಕೂನೂರಿಗೆ ಬೆಟ್ಟ ಹತ್ತುವ ಆ ಬಂಡಿಗೆ ದಸರಾ ರಜೆಯಲ್ಲಿ ಮೂರು ಟಿಕೆಟ್ ಸಿಗಬಹುದೇ ಎಂದು ಅಪ್ಪ ನೋಡುತ್ತಿದ್ದಾರೆ. ಈವರೆಗೆ ಸಿಕ್ಕಿಲ್ಲ.