ಬಾಂಗಿಗೆ ಇಪ್ಪತ್ತು ನಿಮಿಷ ಬಾಕಿಯಿದ್ದಾಗ

ಕಳೆದ ರಮಝಾನಿನ ಒಂದು ಸಂಜೆ. ಮಗ್ರಿಬ್ ಬಾಂಗಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಖರ್ಜೂರದ ತಟ್ಟೆಯ ಮುಂದೆ ಕುಳಿತಿದ್ದ ನಮ್ಮ ಹದಿನಾಲ್ಕು ವರ್ಷದ ಮಗನ ಹಣೆ ಬೆವರಿತ್ತು, ಕೈ ನಡುಗುತ್ತಿತ್ತು. ಬೆರಳು ಚುಚ್ಚಿ ನೋಡಿದರೆ ಗ್ಲುಕೋಮೀಟರ್ 56 ತೋರಿಸಿತು. ಸಕ್ಕರೆ ನೀರಿನ ಲೋಟವನ್ನು ಅವನು ಪಕ್ಕಕ್ಕೆ ಸರಿಸಿ, "ಉಮ್ಮಾ, ಇನ್ನು ಇಪ್ಪತ್ತೇ ನಿಮಿಷವಲ್ಲವೇ?" ಎಂದ.

ಅವನಿಗೆ ಟೈಪ್ 1 ಮಧುಮೇಹ. ದೇಹವು ಇನ್ಸುಲಿನ್ ತಯಾರಿಸದಿರುವುದರಿಂದ ಚುಚ್ಚುಮದ್ದೇ ಆಧಾರ. ಆದರೆ ಚುಚ್ಚಿದ ಇನ್ಸುಲಿನ್ ಹೊಟ್ಟೆ ತುಂಬಿದೆಯೋ ಖಾಲಿಯೋ ಎಂದು ವಿಚಾರಿಸುವುದಿಲ್ಲ. ಊಟ ತಪ್ಪಿದರೆ, ಆಟ ಹೆಚ್ಚಾದರೆ ಸಕ್ಕರೆ ಕುಸಿಯುತ್ತದೆ. 70ಕ್ಕಿಂತ ಕೆಳಗಿಳಿದರೆ ಕೂಡಲೇ ಉಪಚರಿಸಬೇಕು. 54ಕ್ಕಿಂತ ಕೆಳಗೆ ಗಂಭೀರ ಅಪಾಯ. ಅಪಸ್ಮಾರ ಬರಬಹುದು, ಪ್ರಜ್ಞೆ ತಪ್ಪಬಹುದು.

ಉಪವಾಸ ಬೇಡವೆಂದು ವೈದ್ಯರು ಹೇಳಿದ್ದರು. "ಒಂದೇ ದಿನ" ಎಂಬ ಅವನ ಹಟಕ್ಕೆ ನಾವು ಸೋತಿದ್ದೆವು. ಮಧ್ಯಾಹ್ನವೇ ತಲೆ ಸುತ್ತಿತ್ತೆಂದು ಆಮೇಲೆ ತಿಳಿಯಿತು. ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯುವುದೆಂದು ಅವನು ಭಾವಿಸಿದ್ದ. ಹಾಗಿಲ್ಲವೆಂದು ವಿದ್ವಾಂಸರು ಸ್ಪಷ್ಟಪಡಿಸಿದ್ದರೂ ನಾವು ಅವನಿಗೆ ತಿಳಿಸಿರಲಿಲ್ಲ. ನಾವು ಅವನ ಮುಂದೆ ಹೇಳಿದ್ದು ಬೇರೆಯೇ: ಚಿಕ್ಕಪ್ಪನ ಮಕ್ಕಳು ಒಂದೂ ಉಪವಾಸ ಬಿಡಲಿಲ್ಲವೆಂಬ ಹೊಗಳಿಕೆ!

ಅಲ್ ಬಕರ ಅಧ್ಯಾಯದ 184 ಮತ್ತು 185ನೇ ಸೂಕ್ತಗಳು ರೋಗಿಗೆ ವಿನಾಯಿತಿ ನೀಡಿವೆ. ಅಲ್ಲಾಹನು ಕರುಣಿಸಿದ ಆ ಸೌಲಭ್ಯವನ್ನು ನಮ್ಮ ಹೊಗಳಿಕೆಯೇ ಮಗನಿಗೆ ಅವಮಾನವನ್ನಾಗಿಸಿತ್ತು.

"ಈ ನೀರು ಕುಡಿಯುವುದೂ ಅವನ ಆಜ್ಞಾಪಾಲನೆಯೇ ಮಗನೇ" ಎಂದೆವು. ಕುಡಿದ. ಸುಮಾರು 15 ಗ್ರಾಂ ಸಕ್ಕರೆ, ಅಂದರೆ ಮೂರು-ನಾಲ್ಕು ಟೀ ಚಮಚ. 15 ನಿಮಿಷ ಕಾದು ಮರುಪರೀಕ್ಷೆ. ಇನ್ನೂ 70ಕ್ಕಿಂತ ಕೆಳಗಿದ್ದರೆ ಮತ್ತೊಮ್ಮೆ ಅಷ್ಟೇ. ಪುಟ್ಟ ಮಕ್ಕಳಿಗೆ ತೂಕದ ಪ್ರತಿ ಕಿಲೋಗೆ ಸುಮಾರು 0.3 ಗ್ರಾಂ ಸಾಕು. ಚಾಕೊಲೇಟಿನ ಕೊಬ್ಬು ಸಕ್ಕರೆಯನ್ನು ತಡವಾಗಿಸುವುದರಿಂದ ಆ ಹೊತ್ತಿಗೆ ಅದು ಸಲ್ಲದು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಮಗ್ಗುಲಾಗಿ ಮಲಗಿಸಿ, ಗ್ಲುಕಗಾನ್ ಇದ್ದರೆ ಚುಚ್ಚಿ, ಆಸ್ಪತ್ರೆಗೆ ಧಾವಿಸಬೇಕು. ಇದನ್ನು ಶಾಲೆಯ ಶಿಕ್ಷಕರೂ ಮದ್ರಸದ ಉಸ್ತಾದರೂ ತಿಳಿದಿರಬೇಕು.

ಮೀಟರಿನಲ್ಲಿ 84 ಮೂಡಿದಾಗ ಮಸೀದಿಯಿಂದ ಬಾಂಗ್ ಕೇಳಿಸಿತು. ನಾವು ಖರ್ಜೂರ ಕೈಗೆತ್ತಿಕೊಂಡೆವು. ಮಗನಿಗೂ ಒಂದು ಕೊಟ್ಟೆವು.

ಈ ವರ್ಷ ಮಸೀದಿಯ ಇಫ್ತಾರಿನಲ್ಲಿ ಅವನು ಉಪವಾಸಿಗರಿಗೆ ನೀರು ಹಂಚುತ್ತಿದ್ದಾನೆ. ಜೇಬಿನಲ್ಲಿ ಗ್ಲುಕೋಸ್ ಪೊಟ್ಟಣವಿದೆ. "ನಿನಗೆಷ್ಟು ಉಪವಾಸವಾಯಿತು?" ಎಂದು ಯಾವ ಮಗುವನ್ನೂ ನಾವೀಗ ಕೇಳುವುದಿಲ್ಲ.